ಅವ್ವ ಅಳೆಯದೆ ಬಿಟ್ಟ ಮಳೆ

ಪ್ರಿಯ ಗೆಳೆಯ,

ನಿನ್ನ ಅಮ್ಮನಿಗೆ ಕಳುಹಿಸಲೆಂದು ಬರೆದ ಸಂದೇಶವನ್ನು ಮೊದಲು ನನಗೆ ಕಳುಹಿಸಿ, "ಇಷ್ಟು ಸಾಕೇ, ನೋಡು" ಎಂದು ಕೇಳಿದ್ದೀಯ. ಕೇಳಿ ನಾಲ್ಕು ದಿನವಾಯಿತು. ಮಳೆ ಕೊಟ್ಟ ಎರಡು ದಿನದ ಬಿಡುವಿನಲ್ಲಿ ಮೆಣಸಿನ ಬಳ್ಳಿಗೆ ಕೊಳೆರೋಗದ ಮದ್ದು ಬೋರ್ಡೋ ದ್ರಾವಣ ಹೊಡೆಸುತ್ತಿದ್ದೆ ಎಂಬುದು ನೆಪ. ಎರಡು ದಿನಕ್ಕೆ ಅದು ನೆಪವಾದೀತು, ಇನ್ನೆರಡು ದಿನಕ್ಕೆ ಅದೂ ಇಲ್ಲ. ನಿನ್ನ ಸಂದೇಶ ಓದಿದಾಗ ಹೋದ ವರ್ಷದ ನಾನೇ ಎದುರಿಗೆ ಬಂದು ನಿಂತ ಹಾಗಾಯಿತು. ಅವನನ್ನು ನೋಡಲು ನನಗೆ ಇಷ್ಟವಿರಲಿಲ್ಲ.

ಸಾಕಾಗುವುದಿಲ್ಲ. ಕಳುಹಿಸಬೇಡ.

"ಅಂದು ನನ್ನ ಮಾತಿನಿಂದ ನಿನಗೆ ಬೇಸರವಾಗಿದ್ದರೆ ಕ್ಷಮಿಸು. ಆದರೆ ಆಗಿನ ಪರಿಸ್ಥಿತಿಯೂ ಹಾಗಿತ್ತು." ಎರಡೇ ವಾಕ್ಯ. 'ಆಗಿದ್ದರೆ' ಎಂದರೇನು, ಮಾರಾಯ? ಎರಡು ವರ್ಷದಿಂದ ಅವರು ನಿನ್ನ ಮನೆಯ ಮೆಟ್ಟಿಲು ಹತ್ತಿಲ್ಲ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಕಿತ್ತಳೆಯ ಚೀಲವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳುಹಿಸಿದರು ಎಂದು ನೀನೇ ಹೇಳಿದ್ದೆ. ಬೇಸರವಾಗಿದೆಯೋ ಇಲ್ಲವೋ ಎಂಬ ಅನುಮಾನ ಇನ್ನೂ ನಿನಗೆ ಉಳಿದಿದೆಯೇ? ಎರಡನೆಯ ವಾಕ್ಯದ 'ಆದರೆ' ಅಂತೂ ಮೊದಲನೆಯ ವಾಕ್ಯವನ್ನು ನುಂಗಿ ನೀರು ಕುಡಿದಿದೆ. ಇನ್ನು 'ಕ್ಷಮಿಸು'. ಅದು ಮುದ್ರಣದೋಷಕ್ಕೆ ಪತ್ರಿಕೆಯವರು ಬಳಸುವ ಮಾತು. ಅಡುಗೆಮನೆಯಲ್ಲಿ ನಿಂತು ತಾಯಿಗೆ 'ಕ್ಷಮಿಸು' ಎಂದ ಮಗನನ್ನು ನಾನು ನಾಟಕದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಅದರ ಮೇಲೆ ವ್ಯಾಕರಣದ ಪ್ರಕಾರ ಅದೊಂದು ಆಜ್ಞೆ: ತಪ್ಪು ನನ್ನದು, ಕೆಲಸ ನಿನ್ನದು, ಬೇಗ ಮುಗಿಸು.

ಇದನ್ನೆಲ್ಲ ಹೇಳುವ ಯೋಗ್ಯತೆ ನನಗಿದೆ ಎಂದು ಹೇಳುತ್ತಿಲ್ಲ. ಇದೇ ಪರೀಕ್ಷೆಯಲ್ಲಿ ಮೂರು ಸಲ ನಪಾಸಾದವನು ನಾನು. ಆ ಕತೆಯನ್ನು ನಿನಗೆ ತುಂಡು ತುಂಡಾಗಿ ಫೋನಿನಲ್ಲಿ ಹೇಳಿದ್ದೆ; ಪೂರ್ತಿ ಹೇಳಿರಲಿಲ್ಲ.

ನಮ್ಮ ಮನೆಯ ಕಣದ ಮೂಲೆಯಲ್ಲಿ, ಮರದ ಹನಿ ಬೀಳದ ಕಡೆ ನೋಡಿ ನೆಟ್ಟ ಮಳೆ ಮಾಪಕವೊಂದಿದೆ. ನಿನಗೆ ನೆನಪಿರಲೇಬೇಕು, ಕಾಲೇಜಿನ ರಜೆಯಲ್ಲಿ ಬಂದಾಗ ಅದರೊಳಗೆ ಸಿಗರೇಟಿನ ತುಂಡು ಹಾಕಿ ಅವ್ವನಿಂದ ಬೈಸಿಕೊಂಡವನು ನೀನೇ. ಮೇಲೊಂದು ಆಲಿಕೆ, ಒಳಗೊಂದು ಬಾಟಲಿ, ಜೊತೆಗೆ ಗೆರೆ ಕೊರೆದ ಅಳತೆಯ ಗಾಜು. ಯಂತ್ರವೆಂದರೆ ಅಷ್ಟೇ. ಕೊಡಗಿನಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ನಮ್ಮವರ ತಲೆಗೆ ಇಳಿಯುವುದಿಲ್ಲ. ಇಂಚು ಮತ್ತು ಸೆಂಟ್; ಇಂಚಿನ ನೂರನೆಯ ಒಂದು ಪಾಲು ಸೆಂಟ್. ಸಂತೆಯಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಯೋಗಕ್ಷೇಮಕ್ಕಿಂತ ಮೊದಲು "ನಿಮ್ಮಲ್ಲಿ ಎಷ್ಟು ಸೆಂಟ್?" ಎಂದು ಕೇಳಿಕೊಳ್ಳುತ್ತಾರೆ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹೂಮಳೆ ಒಂದು ಇಂಚು ಬಿದ್ದರೆ ಎಂಟು ಹತ್ತು ದಿನದಲ್ಲಿ ರೋಬಸ್ಟಾ ಕಾಫಿಯ ತೋಟ ಹೂವಾಗಿ ಬೆಳ್ಳಗಾಗುತ್ತದೆ. ಮೂವತ್ತು ಸೆಂಟ್ ಬಿದ್ದು ಕೈಕೊಟ್ಟಿತೋ, ಮೊಗ್ಗು ಅರ್ಧ ಬಾಯಿ ಬಿಟ್ಟು ಅಲ್ಲೇ ಕಮರುತ್ತದೆ. ಆಗ ಕೆರೆಯ ನೀರನ್ನು ಸ್ಪ್ರಿಂಕ್ಲರಿಗೆ ಹಚ್ಚುವುದೋ, ಇನ್ನೂ ನಾಲ್ಕು ದಿನ ಆಕಾಶ ನೋಡುವುದೋ? ವರ್ಷದ ಅನ್ನ ಆ ಒಂದು ತೀರ್ಮಾನದ ಮೇಲೆ ನಿಂತಿರುತ್ತದೆ. ಅವ್ವ ಅದನ್ನು ಹಳೆಯ ಪುಸ್ತಕಗಳನ್ನು ಹರಡಿಕೊಂಡು ಕೂತು ತೀರ್ಮಾನಿಸುತ್ತಿದ್ದಳು.

ಅಪ್ಪ ಶುರು ಮಾಡಿದ್ದು 1984ರಲ್ಲಿ. ವರ್ಷಕ್ಕೊಂದು ನೋಟ್‌ಬುಕ್. ದಿನಾ ಬೆಳಿಗ್ಗೆ ಎಂಟಕ್ಕೆ ಅಳೆದು, ತಾರೀಖಿನ ಎದುರು ಬರೆದು, ಪಕ್ಕದಲ್ಲಿ ಜಾಗವಿದ್ದರೆ ಏನಾದರೊಂದು ಮಾತು: ಹಸು ಕರು ಹಾಕಿತು, ಏಲಕ್ಕಿಗೆ ಕೋತಿ ಬಂತು, ಆನೆ ಬೇಲಿ ಮುರಿಯಿತು. 1994ರ ಸೆಪ್ಟೆಂಬರಿನಲ್ಲಿ ಅಪ್ಪ ಹೋದರು. ಆ ಪುಟವನ್ನು ನಾನು ಒಮ್ಮೆ ನೋಡಿದ್ದೆ. ಒಂದು ಸಾಲಿನವರೆಗೆ ಅಪ್ಪನ ಓರೆ ಅಕ್ಷರ, ಮುಂದಿನ ಸಾಲಿನಿಂದ ಅವ್ವನ ದುಂಡಕ್ಷರ. ನಡುವೆ ಒಂದು ದಿನವೂ ಖಾಲಿ ಇಲ್ಲ. ಅವರು ತೀರಿಕೊಂಡ ದಿನದ ಎದುರು 1.15 ಎಂದಿತ್ತು. ಪಕ್ಕದಲ್ಲಿ ಜಾಗವಿತ್ತು, ಮಾತಿರಲಿಲ್ಲ.

ಏಳನೆಯ ತರಗತಿ ಓದಿದ ಹೆಂಗಸು ಆ ನಂತರ ಮೂವತ್ತು ವರ್ಷ ಒಂದು ಬೆಳಗನ್ನೂ ಬಿಡಲಿಲ್ಲ. ಮದುವೆಗೋ ತಿಥಿಗೋ ಊರು ಬಿಟ್ಟರೆ ಲೈನ್‌ಮನೆಯ ಕೆಲಸದವರಿಗೆ ಅಳತೆ ಕಲಿಸಿ ಹೋಗುತ್ತಿದ್ದಳು. ಬಿಟ್ಟದ್ದು ಒಂದೇ ಸಲ, 2018ರಲ್ಲಿ. ಆಗಸ್ಟ್ 16ರ ಎದುರು ಅಂಕಿಯಿಲ್ಲ. "ಬಾಟಲಿ ತುಂಬಿ ಚೆಲ್ಲಿದೆ, ಅಳತೆ ಸಿಕ್ಕಿಲ್ಲ" ಎಂದಿದೆ. ಆ ದಿನಗಳನ್ನು ನಿನಗೆ ವಿವರಿಸಬೇಕಾಗಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಅತ್ತ ಜೋಡುಪಾಲ, ಎಲ್ಲ ಕಡೆ ಮಳೆಗೆ ಬೆಟ್ಟ ಕುಸಿದು ಬಾಯಿ ತೆರೆದ ವಾರ. ನಮ್ಮ ತೋಟದ ಮೇಲಿನ ಅಂಚೂ ಜಾರಿತು, ಮನೆ ಉಳಿಯಿತು. ಅವ್ವ ಸುಂಟಿಕೊಪ್ಪದ ಪರಿಹಾರ ಕೇಂದ್ರಕ್ಕೆ ಹೊರಟಾಗ ಅವಳ ಚೀಲದಲ್ಲಿ ಇದ್ದದ್ದು ಪಹಣಿ, ಪಡಿತರ ಚೀಟಿ, ಕರಿಮಣಿ ಮತ್ತು ಆ ವರ್ಷದ ಮಳೆ ಪುಸ್ತಕ. ಹಾಗಾಗಿ ಅದೊಂದು ಅವಳ ಪೆಟ್ಟಿಗೆಯಲ್ಲಿಯೇ ಉಳಿದುಕೊಂಡಿತು. ಉಳಿದವು ಮಹಡಿಯ ಕೋಣೆಯಲ್ಲಿದ್ದವು.

ಆ ಕೋಣೆಯನ್ನು ನಾನು ಹೋಂಸ್ಟೇಗೆಂದು ಖಾಲಿ ಮಾಡಿಸಿದೆ. 2024ರ ಏಪ್ರಿಲ್. ಸುಣ್ಣ ಬಣ್ಣ, ಹೊಸ ಬಚ್ಚಲು, ಕಿಟಕಿಯಿಂದ ಕೋಟೆಬೆಟ್ಟ ಕಾಣುವ ಹಾಗೆ ಮಂಚ. ಗುಜರಿಯವನು ಬಂದಾಗ ಹಳೆಯ ಪತ್ರಿಕೆಗಳ ಜೊತೆ ಮೂವತ್ತೊಂಬತ್ತು ನೋಟ್‌ಬುಕ್ಕುಗಳನ್ನೂ ತಕ್ಕಡಿಗೆ ಹಾಕಿಸಿದೆ. ಅವ್ವ ಆಗ ತಂಗಿಯ ಮನೆಯಲ್ಲಿದ್ದಳು. ಅವುಗಳಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಗೊತ್ತಿತ್ತು. ಆ ಹೊತ್ತಿಗೆ ಬಣ್ಣದವನು ಕಾಯುತ್ತಿದ್ದ, ಅಷ್ಟೇ.

ಜೂನ್ 23, ಭಾನುವಾರ. ಮಳೆ ನೋಡಲೆಂದು ಬೆಂಗಳೂರಿನಿಂದ ಬಂದಿದ್ದ ಆರು ಜನ ತಿಂಡಿಗೆ ಕೂತಿದ್ದರು. ಅವ್ವ ಅಕ್ಕಿರೊಟ್ಟಿ ತಂದು ಬಡಿಸುತ್ತಾ, ಈ ಸಲದ ಜೂನ್ ಯಾವುದೋ ಹಳೆಯ ವರ್ಷದ ಹಾಗಿದೆ, ಆ ಪುಸ್ತಕ ಮಹಡಿಯಿಂದ ತಂದುಕೊಡು ಎಂದಳು. "ಆ ರದ್ದಿಯೆಲ್ಲ ಕೊಟ್ಟಾಯಿತಲ್ಲ" ಎಂದೆ ನಾನು. ಗಮನಿಸು: ಕೊಟ್ಟೆ ಎನ್ನಲಿಲ್ಲ, ಕೊಟ್ಟಾಯಿತು. ಕನ್ನಡದಲ್ಲಿ ತಪ್ಪಿಸಿಕೊಳ್ಳುವವನಿಗೆ ಕ್ರಿಯಾಪದದಲ್ಲೇ ಹಿಂಬಾಗಿಲು ಇಟ್ಟಿದ್ದಾರೆ. ಒಡೆದುಹೋಯಿತು, ಕಳೆದುಹೋಯಿತು, ಮಾತು ಬಂದುಬಿಟ್ಟಿತು, ತಪ್ಪಾಯಿತು. ಎಲ್ಲವೂ ತಾವಾಗಿಯೇ ಆಗುತ್ತವೆ. ಮಾಡಿದವನು ಎಲ್ಲೂ ಇಲ್ಲ.

ಅತಿಥಿಗಳಲ್ಲೊಬ್ಬರು ಯಾವ ಪುಸ್ತಕ ಎಂದು ಕೇಳಿದರು. ನಾನು ಏನೋ ಹೇಳಿದೆ, ಎಲ್ಲರೂ ನಕ್ಕರು, ನಾನೂ ನಕ್ಕೆ. ಏನು ಹೇಳಿದೆ ಎಂಬುದು ಮುಂದೆ ಬರುತ್ತದೆ. ಅಂದು ನನಗೆ ಅದು ಲೆಕ್ಕಕ್ಕೇ ಸಿಗಲಿಲ್ಲ. ಅವ್ವ ಕೈಯಲ್ಲಿದ್ದ ರೊಟ್ಟಿಯನ್ನು ಕೊನೆಯವರ ತಟ್ಟೆಗೆ ಹಾಕಿ ಒಳಗೆ ಹೋದಳು.

ಮರುದಿನ ಎಂಟು ಗಂಟೆಗೆ ಕಣದಲ್ಲಿ ಯಾರೂ ಇರಲಿಲ್ಲ.

ನಮ್ಮ ತಾಯಂದಿರು ಮಾತು ಬಿಡುವ ರೀತಿಯನ್ನು ಹೊರಗಿನವರು ಕಂಡುಹಿಡಿಯಲಾರರು. ಊಟಕ್ಕೆ ಕರೆಯುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚು ಕಡಿಮೆಯಾಗಲಿಲ್ಲ. ಒದ್ದೆಯಾದ ನನ್ನ ಅಂಗಿಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕುವುದನ್ನೂ ಬಿಡಲಿಲ್ಲ. ಆದರೆ ನನಗೆ ಹೇಳಬೇಕಾದದ್ದನ್ನೆಲ್ಲ ನಾಯಿಗೆ ಹೇಳುತ್ತಿದ್ದಳು. "ಗ್ಯಾಸು ಮುಗಿಯುತ್ತಾ ಬಂತು, ಕೇಳಿಸಿತಾ?" ನಾಯಿ ಬಾಲ ಆಡಿಸುತ್ತಿತ್ತು, ನಾನು ಸಿಲಿಂಡರಿಗೆ ಫೋನ್ ಮಾಡುತ್ತಿದ್ದೆ.

ಮೊದಲ ಸಲ ನಾನು ಹೇಳಿದ್ದು 'ಸಾರಿ'. ಜಗಲಿಯಲ್ಲಿ ಎದುರಾದಾಗ, ಒಂದು ಕೈಯಲ್ಲಿ ಮೊಬೈಲ್ ಇತ್ತು. "ಹೂಂ" ಎಂದಳು. ಬಸ್ಸಿನಲ್ಲಿ ಕಾಲು ತುಳಿದವನಿಗೂ ಅದಕ್ಕಿಂತ ಉದ್ದದ ಉತ್ತರ ಸಿಗುತ್ತದೆ.

ಎರಡನೆಯದು ತಪ್ಪುಕಾಣಿಕೆ. ದೇವರಿಗೆ ಕಟ್ಟುವ ಹಾಗೆ ಅವ್ವನಿಗೂ ಕಟ್ಟಲು ಹೋದೆ. ಆನ್‌ಲೈನಿನಲ್ಲಿ ಒಂದು ಡಿಜಿಟಲ್ ಮಳೆ ಮಾಪಕ ತರಿಸಿದೆ. ಹೊರಗೆ ಕೊಡ, ಒಳಗೆ ಪರದೆ. ಕೂತಲ್ಲಿಯೇ ಮಳೆ ನೋಡಬಹುದು, ಲೆಕ್ಕವನ್ನು ಅದೇ ಇಟ್ಟುಕೊಳ್ಳುತ್ತದೆ. ಅವಳ ಪುಸ್ತಕ ಮಾರಿದವನು, ಪುಸ್ತಕವೇ ಬೇಡದ ಯಂತ್ರವನ್ನು ತಂದುಕೊಟ್ಟೆ! ಈಗ ಬರೆಯುವಾಗ ನಗು ಬರುತ್ತಿದೆ, ಅಂದು ನನಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಡಬ್ಬ ಈಗಲೂ ಅಲ್ಮೇರಾದ ಮೇಲಿದೆ, ಟೇಪು ಸಹ ಬಿಚ್ಚಿಲ್ಲ.

ಮೂರನೆಯ ಸಲ ಕೂರಿಸಿಕೊಂಡು ವಿವರಿಸಿದೆ. ಮಹಡಿ ಸೋರುತ್ತಿತ್ತು, ಕಾಗದಕ್ಕೆ ಗೆದ್ದಲು ಹಿಡಿಯುತ್ತಿತ್ತು, 2018ರ ನಂತರ ತೋಟವನ್ನೇ ನಂಬಿ ಕೂರುವ ಹಾಗಿಲ್ಲ, ಹೋಂಸ್ಟೇ ಇಲ್ಲದೆ ಸಾಲದ ಕಂತು ಹೇಗೆ ಕಟ್ಟುವುದು, ಇದನ್ನೆಲ್ಲ ಯಾರಿಗಾಗಿ ಮಾಡುತ್ತಿದ್ದೇನೆ. ಒಂದೊಂದೂ ನಿಜವೇ. ಕ್ಷಮೆ ಕೇಳಲು ಕೂತವನು ಅರ್ಧ ಗಂಟೆಯಲ್ಲಿ ಅವಳ ಮೇಲೆ ಕೂಗಾಡುತ್ತಿದ್ದೆ. ರಾತ್ರಿ ನನ್ನ ಹೆಂಡತಿ, "ನೀವು ಕೇಳಿದ್ದು ಕ್ಷಮೆಯೋ ರಸೀದಿಯೋ?" ಎಂದಳು. ಅದಕ್ಕೂ ಜಗಳವಾಡಿದೆ.

ನಡುವೆ ಒಂದು ದಿನ ಕುಶಾಲನಗರದ ಗುಜರಿ ಅಂಗಡಿಗೂ ಹೋಗಿ ಬಂದೆ. ಕಾಗದದ ಲೋಡು ಮೈಸೂರಿಗೆ ಹೋಗಿ ತಿಂಗಳು ಕಳೆದಿತ್ತು. ಮಳೆಯಲ್ಲಿ ನೆನೆದ ರಟ್ಟಿನ ರಾಶಿಯ ನಡುವೆ ಅರ್ಧ ದಿನ ಹುಡುಕಿದೆ, ಅಂಗಡಿಯವನು ಕರುಣೆಯಿಂದ ಚಹಾ ತರಿಸಿಕೊಟ್ಟ. ಇದನ್ನು ಅವ್ವನಿಗೆ ಹೇಳಲಿಲ್ಲ. ಹೇಳಿದರೆ ಅದೂ ಇನ್ನೊಂದು ಕಾಣಿಕೆಯಾಗುತ್ತದೆ ಎಂಬಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು.

ಕಾಲಿಗೆ ಬೀಳಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ನಮ್ಮ ಕಡೆ ಅದು ತೀರ ಸುಲಭ. ಹುತ್ತರಿಯ ಸುಗ್ಗಿ ಹಬ್ಬಕ್ಕೆ, ಮದುವೆಗೆ, ಊರಿಗೆ ಹೊರಡುವಾಗ, ಬಂದಾಗ ಹಿರಿಯರ ಕಾಲು ಹಿಡಿದು ಹಿಡಿದು ಸೊಂಟಕ್ಕೆ ಅಭ್ಯಾಸವಾಗಿಬಿಟ್ಟಿದೆ. ಬಗ್ಗಿದರೆ ಅವ್ವ ಎಂದಿನಂತೆ ತಲೆ ಮುಟ್ಟಿ "ಒಳ್ಳೆಯದಾಗಲಿ" ಎನ್ನುತ್ತಿದ್ದಳು, ನಾನು ಮುಗಿಯಿತೆಂದು ಎದ್ದು ಹೋಗುತ್ತಿದ್ದೆ.

ಜುಲೈ ಕೊನೆಗೆ ಮಳೆ ಹಿಡಿದದ್ದು ಬಿಡಲಿಲ್ಲ. 30ರ ಬೆಳಿಗ್ಗೆ ವಯನಾಡಿನ ಭೂಕುಸಿತದ ಸುದ್ದಿ ಬಂತು. ಮುಂಡಕ್ಕೈ, ಚೂರಲ್‌ಮಲ. ನಮ್ಮ ಗಡಿಯ ಕುಟ್ಟ ದಾಟಿದರೆ ವಯನಾಡು. ನಮಗೆ ಅದು ಬೇರೆ ರಾಜ್ಯದ ಸುದ್ದಿಯಲ್ಲ. ಟಿವಿಯಲ್ಲಿ ಆ ಕೆಂಪು ಮಣ್ಣು ಕಂಡ ಕೂಡಲೇ ನಮ್ಮ ಕೆಳಗಿನ ಮೂರು ಮನೆಯವರು ಛತ್ರಿ ಹಿಡಿದುಕೊಂಡು ನಮ್ಮಂಗಳಕ್ಕೆ ಬಂದರು. 2018ರ ಮೇಲೆ ಪ್ರತಿ ಮಳೆಗಾಲವೂ ಹೀಗೆಯೇ: ಇವತ್ತೆಷ್ಟು, ಒಟ್ಟು ಎಷ್ಟಾಯಿತು, ಆ ವರ್ಷ ಈ ಹೊತ್ತಿಗೆ ಎಷ್ಟಿತ್ತು ಎಂದು ಅವ್ವನನ್ನು ಕೇಳಿ, ಅವಳ ಮುಖ ನೋಡಿ, ಗಂಟುಮೂಟೆ ಕಟ್ಟುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಅವ್ವ ಬಾಗಿಲಲ್ಲಿ ನಿಂತು, "ನಾನು ಅಳೆದಿಲ್ಲ" ಎಂದಳು. ಅವರಲ್ಲಿ ಹಿರಿಯ ಹೆಂಗಸು "ಹುಷಾರಿಲ್ಲವೇ?" ಎಂದು ಕೇಳಿದರು. ಅವ್ವ ನನ್ನ ಕಡೆ ನೋಡಲಿಲ್ಲ. "ಹೂಂ, ಸ್ವಲ್ಪ" ಎಂದಳು. ನನ್ನ ಮಾನ ಉಳಿಸಿದಳು, ಗೆಳೆಯ. ಆ ಎರಡು ಪದ ಕೇಳಿದ ಮೇಲೆ ನನಗೆ ಮೂರು ದಿನ ನಿದ್ದೆ ಹತ್ತಲಿಲ್ಲ.

ಆಗಸ್ಟ್ 3, ಆಟಿ ತಿಂಗಳ ಹದಿನೆಂಟನೆಯ ದಿನ. ಮದ್ದುಸೊಪ್ಪಿನ ದಿನ ನಿನಗೂ ಗೊತ್ತಲ್ಲ. ಅಂದು ಆ ಗಿಡದಲ್ಲಿ ಹದಿನೆಂಟು ಬಗೆಯ ಮದ್ದು ತುಂಬಿಕೊಂಡಿರುತ್ತದೆ ಎನ್ನುತ್ತಾರೆ, ಸೊಪ್ಪಿನ ರಸದಲ್ಲಿ ಪಾಯಸ ಮಾಡಿ ತಿನ್ನುತ್ತೇವೆ. (ನಮ್ಮಲ್ಲಿಗೆ ಬರುವ ನಗರದವರಿಗೆ ಅದನ್ನು ಬಡಿಸಿದರೆ, ಮರುದಿನ ಬೆಳಿಗ್ಗೆ ಮೂತ್ರ ಕೆಂಪಾಗುತ್ತದೆ ಎಂದು ಮುಂಚೆಯೇ ಹೇಳಬೇಕು. ಹೇಳಲು ಮರೆತ ಒಂದು ಸಲ ಒಬ್ಬರು ಆಸ್ಪತ್ರೆಯ ದಾರಿ ಹಿಡಿದಿದ್ದರು.) ಪ್ರತಿ ವರ್ಷ ಸೊಪ್ಪನ್ನು ಅವ್ವನೇ ತರುತ್ತಿದ್ದಳು. ಈ ಸಲ ಬೆಳಗಿನ ಜಾವ ನಾನು ಕೊಪ್ಪೆ ಹೊದ್ದು ಬೇಲಿಯ ಕಡೆ ಹೋಗಿ ಕೊಯ್ದು ತಂದೆ. ಕಾಲಿನ ತುಂಬ ಜಿಗಣೆ. ಅಡುಗೆಮನೆಯಲ್ಲಿ ಅವಳ ಎದುರು ನೆಲದ ಮೇಲೆ ಕೂತು ನಾನೂ ಎಲೆ ಬಿಡಿಸತೊಡಗಿದೆ. ಒಲೆಯ ಮೇಲೆ ನೀರಿತ್ತು. ದಂಟು ಹಾಕಿದ ಸ್ವಲ್ಪ ಹೊತ್ತಿಗೆ ನೀರು ತಿಳಿ ನೇರಳೆಯಾಗಿ, ನೋಡುತ್ತಿದ್ದಂತೆ ಶಾಯಿಯಷ್ಟು ಗಾಢವಾಯಿತು. ಆ ಸಿಹಿ ವಾಸನೆ ಮನೆಯೆಲ್ಲ ಹಬ್ಬಿತು.

ನಾನು ಹೇಳಿದೆ: "ಅವ್ವ, ಪುಸ್ತಕಗಳನ್ನು ನಾನು ಮಾರಿದೆ. ನಿನ್ನನ್ನು ಕೇಳದೆ ಮಾರಿದೆ. ಅದರಲ್ಲಿ ಅಪ್ಪನ ಅಕ್ಷರ ಇದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾರಿದೆ."

ಇಷ್ಟನ್ನು ಮೂರು ರಾತ್ರಿ ಜೋಡಿಸಿಕೊಂಡಿದ್ದೆ. ಯಾವ ವಾಕ್ಯದಲ್ಲೂ ನಾನು ತಪ್ಪಿಸಿಕೊಳ್ಳದ ಹಾಗೆ ನೋಡಿಕೊಂಡಿದ್ದೆ. ಮುಂದೆ ಇನ್ನೇನೂ ಹೇಳಬಾರದು ಎಂದೂ ನಿಶ್ಚಯಿಸಿಕೊಂಡಿದ್ದೆ, ಅದೇ ಕಷ್ಟವಾಯಿತು. ಮೌನ ಬೆಳೆಯುತ್ತಿದ್ದ ಹಾಗೆ 'ಆದರೆ' ಗಂಟಲಿನವರೆಗೆ ಬಂದು ಕೂರುತ್ತದೆ. ಎಲೆ ಬಿಡಿಸುತ್ತಾ ಅದನ್ನು ನುಂಗಿದೆ.

ಅವ್ವ ದಂಟನ್ನು ಮುರಿದು ಪಾತ್ರೆಗೆ ಹಾಕಿದಳು. "ಪುಸ್ತಕಕ್ಕೆ ನಾನು ಆವತ್ತೇ ಅತ್ತು ಮುಗಿಸಿದೆ" ಎಂದಳು. "ಗೆದ್ದಲು ತಿಂದಿದ್ದರೆ ಗೆದ್ದಲಿನ ಮೇಲೆ ಸಿಟ್ಟು ಮಾಡಿಕೊಂಡು ಕೂರುತ್ತಿದ್ದೆನೇ? ಅವರು ಕೇಳಿದಾಗ ನೀನು ಏನು ಹೇಳಿದೆ?"

ನನಗೆ ನೆನಪಿರಲಿಲ್ಲ. ನಿಜವಾಗಿ ನೆನಪಿರಲಿಲ್ಲ.

"ನಮ್ಮ ಅವ್ವನಿಗೆ ಬೇರೆ ಕೆಲಸವಿಲ್ಲ, ಮಳೆ ಬಂದರೆ ಲೋಟ ಹಿಡಿದುಕೊಂಡು ಹೋಗುತ್ತಾಳೆ ಎಂದೆ. ಅವರು ನಕ್ಕರು. ಗುರುತಿಲ್ಲದವರು, ನಕ್ಕರೆ ನಕ್ಕರು. ನೀನೂ ನಕ್ಕೆ."

ನಾನು ನಲವತ್ತು ದಿನ ತಪ್ಪು ಲೆಕ್ಕಕ್ಕೆ ಜಮಾ ಕಟ್ಟುತ್ತಿದ್ದೆ. ನನಗೆ ದೊಡ್ಡದಾಗಿ ಕಂಡ ತಪ್ಪನ್ನು ನಾನೇ ಆರಿಸಿಕೊಂಡು, ಅದಕ್ಕೆ ತಕ್ಕ ಮಾತನ್ನು ನಾನೇ ಬರೆದುಕೊಂಡು ಬಂದಿದ್ದೆ. ಅವಳ ಎದೆಯಲ್ಲಿ ಮುರಿದ ಮುಳ್ಳು ಬೇರೆಯೇ. ಅಪ್ಪ ಹೋದ ಮರುದಿನದಿಂದ ಅವಳನ್ನು ನಿಲ್ಲಿಸಿಕೊಂಡು ಬಂದ ಕೆಲಸ ಅದು. ಅದನ್ನು ಕೆಲಸವಿಲ್ಲದವಳ ಕೆಲಸ ಎಂದು ಅವಳ ಕೈಯ ರೊಟ್ಟಿ ತಿನ್ನುತ್ತಲೇ ಹೇಳಿ ನಕ್ಕವನು ನಾನು. ಅದಕ್ಕೆ ಬೇಕಾದ ವಾಕ್ಯವನ್ನು ನಾನು ಸಿದ್ಧಪಡಿಸಿಕೊಂಡು ಬಂದಿರಲಿಲ್ಲ. ಬಾಯಿಂದ ಹೊರಟದ್ದು ಇಷ್ಟೇ: "ನಕ್ಕೆ. ತಪ್ಪು ಮಾಡಿದೆ ಅವ್ವ."

ಅವಳು ಎದ್ದು ಪಾತ್ರೆಯಲ್ಲಿ ಸೌಟಾಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ, "ಕಾಯಿ ತುರಿ" ಎಂದಳು. ನಾಯಿ ಹೊರಗೆ ಜಗಲಿಯಲ್ಲಿತ್ತು. ಹಾಗಾಗಿ ಅದು ನನಗೇ ಹೇಳಿದ್ದು.

ಸಿನಿಮಾದಲ್ಲಾದರೆ ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳು ಕಣದಲ್ಲಿ ನಿಂತಿರಬೇಕು. ನಿಂತಿರಲಿಲ್ಲ. ಅದರ ಮರುದಿನ, ಆಗಸ್ಟ್ 5ರಂದು, ಹೋಗಿ ಬಾಟಲಿಯಲ್ಲಿ ತುಂಬಿದ್ದನ್ನೆಲ್ಲ ಚೆಲ್ಲಿ, ಆಲಿಕೆಯ ಪಾಚಿ ತಿಕ್ಕಿ ತೊಳೆದಿಟ್ಟಳು. ಪುಸ್ತಕದಲ್ಲಿ ಜೂನ್ 24ರಿಂದ ಆಗಸ್ಟ್ 4ರವರೆಗೆ ನಲವತ್ತೆರಡು ಸಾಲು ಖಾಲಿ. ಪಕ್ಕದ ತೋಟದವರ ಲೆಕ್ಕ ತಂದು ತುಂಬಿಸಲೇ ಎಂದು ಕೇಳಿದೆ. "ಅವರ ಮಳೆ ಅವರದು" ಎಂದಳು. ಡಿಸೆಂಬರ್ 31ರ ಕೆಳಗೆ ಪ್ರತಿ ವರ್ಷ ಒಟ್ಟು ಮೊತ್ತ ಬರೆದು ಎರಡು ಗೆರೆ ಎಳೆಯುತ್ತಾಳೆ. 2024ರ ಮೊತ್ತದ ಜಾಗದಲ್ಲಿ ಒಂದು ಅಡ್ಡಗೆರೆ ಮಾತ್ರ ಇದೆ. ಪುಸ್ತಕ ಅಡುಗೆಮನೆಯ ಕಿಟಕಿಯಲ್ಲಿಯೇ ಇರುತ್ತದೆ. ನಾನು ಕಾಫಿ ಕುಡಿಯಲು ಕೂರುವುದು ಅದರ ಪಕ್ಕದಲ್ಲಿ.

ಎಲ್ಲ ಸರಿಹೋಯಿತೇ ಎಂದು ನೀನು ಕೇಳಬೇಡ, ನಾನೂ ಅವಳನ್ನು ಕೇಳಿಲ್ಲ. ಅದನ್ನು ಕೇಳುವುದೂ ಮತ್ತೆ ರಸೀದಿ ಕೇಳಿದಂತೆಯೇ. ಒಂದು ಸಂಗತಿ ಮಾತ್ರ ಹೇಳುತ್ತೇನೆ. ನಕ್ಕದ್ದು ನಾಲ್ಕು ಜನರ ಎದುರು. ಒಲೆಯ ಮುಂದೆ ಪಿಸುಗುಟ್ಟಿದರೆ ಅದು ತೀರುವುದಿಲ್ಲ ಎಂದು ನನಗೆ ಅನಿಸುತ್ತಲೇ ಇತ್ತು. ಹುತ್ತರಿ ಕಳೆದ ಮೇಲೆ ಮೈಸೂರಿನ ಒಂದು ಕುಟುಂಬ ಬಂದು ತಂಗಿತು. ಆ ಮನೆಯ ಹುಡುಗಿ ಕಣದಲ್ಲಿರುವುದು ಏನು ಎಂದು ಕೇಳಿದಳು. ಅದೇ ಮೇಜು, ಅದೇ ಅಕ್ಕಿರೊಟ್ಟಿ. ನಾನು ಹೇಳಿದೆ: ಅದು ನಮ್ಮ ಅವ್ವನದು, ಮೂವತ್ತು ವರ್ಷದಿಂದ ಅವಳೇ ಅಳೆಯುವುದು, ಈ ತೋಟ ಉಳಿದದ್ದು ಅವಳ ಲೆಕ್ಕದಿಂದ, ಆ ಪುಸ್ತಕಗಳನ್ನು ನಾನು ರದ್ದಿಗೆ ಮಾರಿದೆ, ಮಾರಿದ್ದು ಸಾಲದೆಂದು ನಿಮ್ಮಂಥ ಅತಿಥಿಗಳ ಎದುರು ತಮಾಷೆ ಮಾಡಿದೆ. ಮೇಜಿನ ಸುತ್ತ ಯಾರಿಗೂ ಏನು ಹೇಳಬೇಕೆಂದು ತಿಳಿಯಲಿಲ್ಲ. ಮುಜುಗರವಾಯಿತು, ಅವರಿಗೂ ನನಗೂ. ಮಾತು ಮುಂದುವರಿಸಲೆಂದು 2018ರ ಕತೆ ತೆಗೆದೆ. ಆಗಸ್ಟ್ 16ರಂದು ಬಾಟಲಿ ತುಂಬಿ ಚೆಲ್ಲಿತು ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಧ್ವನಿ ಬಂತು:

"ಬರೆದದ್ದು ಹದಿನಾರಕ್ಕೆ. ಚೆಲ್ಲಿದ್ದು ಹದಿನೈದರ ರಾತ್ರಿಯೇ. ನಾನು ಟಾರ್ಚ್ ಹಿಡಿದು ನೋಡಿದ್ದೇನೆ."

ಆಮೇಲೆ ರೊಟ್ಟಿ ಹಿಡಿದುಕೊಂಡು ಹೊರಗೆ ಬಂದು, ಉಳಿದ ಕತೆಯನ್ನು ಅವಳೇ ಹೇಳಿದಳು. ನನ್ನ ಆವೃತ್ತಿಯಲ್ಲಿ ಇನ್ನೂ ಮೂರು ತಪ್ಪುಗಳಿದ್ದವು.

ಈಗ ನಿನ್ನ ವಿಷಯ. ತಿಥಿಯ ದಿನ ನೆಂಟರೆದುರು ನೀನು ಏನು ಅಂದೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ನಿನ್ನದು ಮತ್ತು ಅವರದು. ಆದರೆ ಆ ಒಂದು ಮಾತಿಗೇ ಅವರು ಎರಡು ವರ್ಷ ದೂರವಿದ್ದಾರೆ ಎಂದು ನಿನಗೆ ಅಷ್ಟು ಖಾತ್ರಿ ಹೇಗೆ? ನೀನು ಹೇಳಿದ ಆ ದಿನದ ವಿವರದಲ್ಲಿ ನನಗೆ ಬೇರೆಯೇ ಒಂದು ಚುಚ್ಚಿತು: ಅಂದಮೇಲೆ ನೀನು ಎಲೆಯ ಮುಂದಿನಿಂದ ಎದ್ದು ಕಾರು ಹತ್ತಿ ಹೊರಟುಹೋದೆ, ಬಡಿಸಿದ ಅನ್ನ ಹಾಗೆಯೇ ಉಳಿಯಿತು. ನನ್ನ ಊಹೆ ತಪ್ಪಿರಬಹುದು. ಅದಕ್ಕೇ ಹೇಳುವುದು, ಸಂದೇಶ ಬೇಡ. ಸಂದೇಶಕ್ಕೆ ಅವರು ತಿರುಗಿ ಪ್ರಶ್ನೆ ಕೇಳಲಾರರು. "ಅವತ್ತು ನೀನು ಏನು ಮಾಡಿದೆ ಗೊತ್ತೇ?" ಎಂದು ಅವರು ಕೇಳುವುದಕ್ಕೆ ನೀನು ಎದುರಿಗೆ ಕೂತಿರಬೇಕು, ಕೈಗೊಂದು ಕೆಲಸವಿರಬೇಕು, ಮತ್ತು ಬಾಯಿ ಮುಚ್ಚಿರಬೇಕು. ನಿನಗೆ ಕೊನೆಯದೇ ಕಷ್ಟ.

ಶನಿವಾರ ಹೋಗಬೇಡ. ಶನಿವಾರಸಂತೆಯಲ್ಲಿ ಅಂದೇ ಸಂತೆ, ಮನೆಗೆ ನಾಲ್ಕು ಜನ ಬಂದು ಹೋಗುತ್ತಿರುತ್ತಾರೆ, ಅವರಿಗೂ ಪುರುಸೊತ್ತಿರುವುದಿಲ್ಲ. ಬುಧವಾರವೋ ಗುರುವಾರವೋ ರಜೆ ಹಾಕು. ಸೀರೆ ತೆಗೆದುಕೊಂಡು ಹೋಗಬೇಡ, ದಯವಿಟ್ಟು. ಮಗಳನ್ನೂ ಮುಂದೆ ಮಾಡಿಕೊಂಡು ಹೋಗಬೇಡ. ಮೊಮ್ಮಗಳನ್ನು ನೋಡಿ ಅವರು ಕರಗುತ್ತಾರೆ, ನೀನು ಅದನ್ನೇ ಕ್ಷಮೆ ಎಂದುಕೊಂಡು ಹಿಂದಿರುಗುತ್ತೀಯ. ಅವಳು ಇನ್ನೊಮ್ಮೆ ಬರಲಿ. ಬಡಿಸಿದ್ದನ್ನು ಪೂರ್ತಿ ಉಂಡು ಏಳು.

ಅವ್ವ ಈ ಪತ್ರವನ್ನು ಓದಿದ್ದಾಳೆ. ಎಲ್ಲರೂ ಓದುವ ಕಡೆ ಹಾಕಲೇ ಎಂದು ಕೇಳಿದ್ದಕ್ಕೆ, ಕನ್ನಡಕ ಹಾಕಿಕೊಂಡು ಒಂದು ಗಂಟೆ ಕೂತು ಓದಿ, "ಜಿಗಣೆಯ ವಿಷಯ ಯಾಕೆ ಬರೆದೆ, ಕಚ್ಚಿದ್ದು ಎರಡೇ ಅಲ್ಲವೇ" ಎಂದಳು. ಮೂರು ಕಚ್ಚಿದ್ದವು.

ನಿನ್ನೆ ಬೆಳಗಿನಿಂದ ಇವತ್ತು ಎಂಟು ಗಂಟೆಯವರೆಗೆ 2 ಇಂಚು 40 ಸೆಂಟ್. ನಿಮ್ಮಲ್ಲಿ ಎಷ್ಟು?

ನಿನ್ನ ಗೆಳೆಯ